ಬಾಗಿಲು ತೆರೆದ ಕೊಂಬಣ್ಣ

ಹೊಳೆಯ ದಡದಲ್ಲಿ ಒಂದು ಮಠ. ಆ ಸೀಮೆಯ ಜನ ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು.

ಸ್ವಾಮಿಗಳು ಮೆಟ್ಟಿಲ ಮೇಲೆ ಕುಳಿತು ಕಾವಿ ಒಗೆಯುತ್ತಿದ್ದರು. ಸೊಂಟದಲ್ಲಿ ಉಗ್ರಾಣದ ಬೀಗದ ಕೈ ತೂಗುತ್ತಿತ್ತು. ಅಂದು ಸಂಜೆ ಪೂಜೆಯಾದ ಮೇಲೆ ಅದನ್ನು ಶಿಷ್ಯ ಪರ್ವತಯ್ಯನಿಗೆ ಕೊಟ್ಟು, ದಾಸೋಹದ ಉಸ್ತುವಾರಿ ವಹಿಸುವುದೆಂದು ಮಾತಾಗಿತ್ತು.

ಪರ್ವತಯ್ಯ ಮೊಬೈಲು ಹಿಡಿದು ದುಮುಗುಟ್ಟುತ್ತ ಮೆಟ್ಟಿಲಿಳಿದು ಬಂದ.

“ದ್ರೋಹ ಬುದ್ಧೀ. ಇಂಥ ದ್ರೋಹ ಎಲ್ಲೂ ಕಂಡಿಲ್ಲ.”

“ಯಾರಪ್ಪ ದ್ರೋಹಿ?”

“ಕೊಂಬಣ್ಣ.”

“ಯಾವೂರಿನೋನು?”

“ಪಾತಾಳದೋನು ಬುದ್ಧೀ. ಇದೊಂದು ಆಟ. ನೆಲದಡಿ ಕೋಟೆಗೆ ನಾನು ಒಡೆಯ. ಭೂತ ಪಿಶಾಚಿಗಳನ್ನ ಸಾಕ್ಕೊಂಡು, ಸುರಂಗ ತೋಡಿಸಿ, ಮೇಲಿಂದ ನುಗ್ಗೋ ವೀರರನ್ನ ತಡೀಬೇಕು.”

“ವೀರರನ್ನ ತಡೆಯೋನು ಅಂದ್ರೆ ನೀನು ಖಳ.”

“ಆಟದಲ್ಲಿ ಮಾತ್ರ ಬುದ್ಧೀ.”

ಸ್ವಾಮಿಗಳು ಬಟ್ಟೆ ಹಿಂಡಿದರು. “ಹೂಂ, ಹೇಳು.”

“ಸಾಕಿದ ಭೂತ ಒಂದಾದ್ರೂ ನೆಟ್ಟಗಿಲ್ಲ. ಡೊಳ್ಳುಹೊಟ್ಟೇದಕ್ಕೆ ಅಣಬೆ ಹಾಕೋದು ತಡವಾದ್ರೆ ಕೋಟೆ ಬಾಗಿಲನ್ನೇ ತಿನ್ನುತ್ತೆ. ಗಡ್ಡದ ಭೂತಕ್ಕೂ ಈ ಕೊಂಬಿನ ಕೊಂಬಣ್ಣನಿಗೂ ಆಗಿಬರಲ್ಲ, ಹಾಸಿಗೆ ಪಕ್ಕ ಪಕ್ಕ ಇದ್ರೆ ನಿದ್ದೆ ಬಿಟ್ಟು ಜಗಳ. ಸುರಂಗ ತೋಡೋ ಮರಿಗಳಂತೂ ನಾನು ಅತ್ತ ತಿರುಗಿದ್ರೆ ಸಾಕು, ಗುದ್ದಲಿ ತಲೆಗಿಟ್ಟು ಮಲಗ್ತವೆ.”

“ಏನು ಮಾಡ್ತೀಯ ಅದಕ್ಕೆ?”

“ಒಂದು ಏಟು. ಹೊಡೆದ್ರೆ ಎರಡರಷ್ಟು ಓಡ್ತವೆ. ಆಟ ಇರೋದೇ ಹಾಗೆ.”

“ಕೊಂಬಣ್ಣನೂ ಓಡಿದನೋ?”

“ಮೊಟ್ಟೆಯಿಂದ ಸಾಕಿದ್ದು ಬುದ್ಧೀ. ಕಾವಲಿಗೆ ನಿಲ್ಲಿಸಿದ್ದೆ. ವೀರರು ಬಂದಾಗ ತಾನೇ ಹೋಗಿ ಅಗುಳಿ ತೆಗೆದು ಬಾಗಿಲು ಬಿಟ್ಟ. ಅವರ ಜೊತೆ ಸೇರ್ಕೊಂಡು ನನ್ನ ಕೋಟೇನೇ ಒಡೆದ.”

“ಹೊಡೆದಿದ್ದೆಯಾ?”

“ಬುದ್ಧಿ ಕಲಿಸಿದ್ದೆ, ಅಷ್ಟೇ.”

ಸ್ವಾಮಿಗಳು ಒದ್ದೆ ಕೈಯನ್ನು ಒರೆಸಿಕೊಂಡು ಮೊಬೈಲು ತೆಗೆದುಕೊಂಡರು. ಅಳಿದುಳಿದ ಮರಿಗಳು ಮಣ್ಣು ಹೊರುತ್ತಿದ್ದವು. ಸ್ವಾಮಿಗಳು ಬೆರಳು ಇಟ್ಟರು. ಪರದೆಯ ಮೇಲೆ ಒಂದು ದೊಡ್ಡ ಕೈ ಮೂಡಿತು. ಮರಿಗಳೆಲ್ಲ ಹೊರೆ ಬಿಸಾಕಿ, ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದವು.

“ನಾನೇನೂ ಮಾಡಲಿಲ್ಲವಲ್ಲ.”

“ಕೈ ಯಾರದು ಅಂತ ಅವಕ್ಕೇನು ಗೊತ್ತು ಬುದ್ಧೀ?”

ಸ್ವಾಮಿಗಳು ಬೆರಳು ತೆಗೆದರು.

“ಅಡುಗೆ ಗುರುಮಲ್ಲಣ್ಣ ಬೆಳಗಿಂದ ಕಾಣ್ಲಿಲ್ಲ.”

ಪರ್ವತಯ್ಯನಿಗೆ ಮತ್ತೆ ಸಿಟ್ಟು ಏರಿತು. “ಅದೂ ಒಂದು ಅನ್ಯಾಯ. ನೆನ್ನೆ ಸಾರು ಸೀದಿತ್ತು. ಪಂಕ್ತಿಯಲ್ಲಿ ಕೂತೋರೆಲ್ಲ ಮುಖ ಹಿಂಡಿದ್ರು. ಹೇಳಿದ್ರೆ ಎದುರು ಮಾತು. ಇವತ್ತು ನೋಡಿದ್ರೆ ಆಚೆ ದಡದ ಮಠದಲ್ಲಿ ಸೌಟು ಹಿಡಿದಿದ್ದಾನಂತೆ. ಇಷ್ಟು ಕಾಲ ಈ ಮಠದ ಅನ್ನ ತಿಂದೋನು.”

“ತಿಂದೋನೋ, ಬೇಯಿಸಿ ಹಾಕಿದೋನೋ?”

ಪರ್ವತಯ್ಯ ಕೈ ಚಾಚಿ ಮೊಬೈಲು ವಾಪಸು ಇಸಿದುಕೊಂಡ.

“ಕೈ ಮಾಡಿದೆಯಾ?”

“ಜನರ ಮುಂದೆ… ಒಂದೇ ಒಂದು, ಬುದ್ಧೀ.”

ಸ್ವಾಮಿಗಳ ಮುಖ ಕೆಂಪಾಯಿತು. ಪರ್ವತಯ್ಯ ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ. ಅವರು ಎದ್ದು, ಬೀಗದ ಕೈಯನ್ನು ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ದಡದ ಹರಿಗೋಲಿನ ಕಡೆ ಹೆಜ್ಜೆ ಹಾಕಿದರು.

ಪರ್ವತಯ್ಯ ಓಡಿ ಅಡ್ಡ ನಿಂತ. “ತಾವು ಹೋಗೋದು ಬೇಡ ಬುದ್ಧೀ. ನಾನೇ ಹೋಗಿ ಕರ್ಕೊಂಡು ಬರ್ತೀನಿ.”

“ಹೋಗಿ ಏನು ಮಾಡ್ತೀಯ?”

“ನಾಲ್ಕು ಜನರ ಮುಂದೆ ಕೂರಿಸ್ಕೊಂಡು, ಬುದ್ಧಿ ಕಲಿಸಿ…”

ಸ್ವಾಮಿಗಳು ಹರಿಗೋಲಿನಲ್ಲಿ ಕುಳಿತರು. ಹುಟ್ಟು ನೀರಿಗೆ ಇಳಿಯಿತು.

“ಅವನನ್ನ ನಾನು ಕರೀತೀನಿ. ಇಷ್ಟು ವರ್ಷ ನನ್ನನ್ನ ಬುದ್ಧೀ ಬುದ್ಧೀ ಅಂತ ಕರೆದೆಯಲ್ಲ ಪರ್ವತಯ್ಯ, ಏನಂದ್ಕೊಂಡು ಕರೀತಿದ್ದೆ?”