ಉಳಿದ ಒಂದು ವೀಳ್ಯ

"ಗುರುಗಳೇ, ತಟ್ಟೆಯಲ್ಲಿ ಒಂದು ವೀಳ್ಯ ಉಳಿದುಬಿಟ್ಟಿದೆ. ನಾನು ಯಾರನ್ನು ಮರೆತೆ?"

ಹೀಗೆ ಕೇಳಿದವನು ಮೃತ್ಯುಂಜಯ. ಹನ್ನೊಂದು ವರ್ಷ ಮಠದಲ್ಲಿ ಓದಿ, ಅಂದು ಬೆಳಿಗ್ಗೆ ಹೊರಟು ನಿಂತಿದ್ದ. ಓದು ಮುಗಿಸಿದವನು ತನಗೆ ವಿದ್ಯೆ ದಕ್ಕಲು ಕಾರಣರಾದವರಿಗೆಲ್ಲ ವೀಳ್ಯ ಕೊಟ್ಟು ಕಾಲಿಗೆ ಬೀಳಬೇಕು, ತಟ್ಟೆ ಬರಿದಾದ ಮೇಲೆಯೇ ಹೊಸ್ತಿಲು ದಾಟಬೇಕು ಎಂಬುದು ಆ ಮಠದ ಪದ್ಧತಿ. ಎಷ್ಟು ವೀಳ್ಯ ಎಂಬುದನ್ನು ಗುರುಗಳೇ ಎಣಿಸಿ ಇಡುತ್ತಿದ್ದರು. ಯಾರು ಯಾರಿಗೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಮೃತ್ಯುಂಜಯ ಮೊದಲು ಗುರುಗಳಿಗೆ ಕೊಟ್ಟಿದ್ದ. ಅಕ್ಷರ ತಿದ್ದಿಸಿದ ಹಿರಿಯರಿಗೆ, ಅಡುಗೆಯ ಅಜ್ಜನಿಗೆ, ಮಠಕ್ಕೆ ಧಾನ್ಯ ಕೊಡುವ ಮನೆಯವರಿಗೆ ಕೊಟ್ಟಿದ್ದ. ಲೆಕ್ಕದಲ್ಲಿ, ಒಗಟಿನಲ್ಲಿ ಅವನನ್ನು ಮೀರಿಸುವವರು ಮಠದಲ್ಲಿ ಇರಲಿಲ್ಲ. ಆದರೂ ಈ ಒಂದು ವೀಳ್ಯದ ಲೆಕ್ಕ ಅವನಿಗೆ ಬಗೆಹರಿಯಲಿಲ್ಲ. ಋಣ ಉಳಿಸಿಕೊಂಡು ಹೊಸ್ತಿಲು ದಾಟುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಹೊರಗೆ ಜಗಲಿಯಲ್ಲಿ ಅವನ ಸಹಪಾಠಿ ಕರಿಬಸವ ಅವನ ಬಟ್ಟೆಗಂಟು ಕಟ್ಟಿಕೊಡುತ್ತಿದ್ದ. ಕರಿಬಸವ ಮೆತ್ತನೆಯ ಸ್ವಭಾವದವನು. ಯಾವ ಪಾಠ ಮುಗಿದರೂ ಕೈಮುಗಿದು "ನನಗೆ ತಿಳಿಯಲಿಲ್ಲ, ಗುರುಗಳೇ" ಎನ್ನುವವನು. ಹಾಗೆಂದಾಗಲೆಲ್ಲ ಉಳಿದವರು ಮುಸಿಮುಸಿ ನಗುತ್ತಿದ್ದರು. ಮೃತ್ಯುಂಜಯನೂ ನಕ್ಕಿದ್ದುಂಟು.

"ಕೂತುಕೋ," ಎಂದರು ಗುರುಗಳು. "ನಿನಗೆ ಒಗಟೆಂದರೆ ಊಟಕ್ಕಿಂತ ಇಷ್ಟ. ಒಂದು ಒಗಟಿನ ಕತೆಯನ್ನೇ ಹೇಳುತ್ತೇನೆ."

ಒಂದು ದನದ ಸಂತೆ. ಸಂತೆ ಮುಗಿಯುವ ಹೊತ್ತಿಗೆ ಒಂದೇ ಒಂದು ಎತ್ತು ಉಳಿದಿತ್ತು. ಅದನ್ನು ಕೇಳಿಕೊಂಡು ಒಬ್ಬ ಗಾಣಿಗ, ಒಬ್ಬ ಉಪ್ಪಿನ ವ್ಯಾಪಾರಿ ಒಟ್ಟಿಗೇ ಬಂದರು. ಗಾಣಿಗನ ಎತ್ತು ಸತ್ತು ಎಂಟು ದಿನವಾಗಿತ್ತು, ಗಾಣ ನಿಂತಿತ್ತು. ವ್ಯಾಪಾರಿಯ ಜೋಡಿಯಲ್ಲಿ ಒಂದು ಎತ್ತು ಕುಂಟಾಗಿತ್ತು. ಬಂಡಿಯ ತುಂಬ ಉಪ್ಪು, ಮೇಲೆ ಮೋಡ. ಮಳೆಗೆ ಮುಂಚೆ ಹೊಳೆ ದಾಟದಿದ್ದರೆ ಉಪ್ಪೆಲ್ಲ ನೀರಾಗಿಹೋಗುತ್ತಿತ್ತು. ಮುಂದಿನ ಸಂತೆಗೆ ಇನ್ನೂ ಹದಿನೈದು ದಿನ. ಇಬ್ಬರೂ ಒಂದೇ ಬೆಲೆಗೆ ಒಪ್ಪಿದರು, ಇಬ್ಬರೂ ಬಿಟ್ಟುಕೊಡಲಿಲ್ಲ.

ದಲ್ಲಾಳಿ ಮುದುಕ. ಶಲ್ಯದ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುವುದರಲ್ಲೇ ತಲೆ ನರೆತವನು. ಅವನು ಯಾರ ಎಷ್ಟು ಬೆರಳು ಹಿಡಿದನೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಅವನು ಇಬ್ಬರನ್ನೂ ಹತ್ತಿರ ಕರೆದ.

"ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಹಿಡೀತೀನಿ. ಒಂದರಿಂದ ಮೇಲಕ್ಕೆ ಎಷ್ಟಾದ್ರೂ ಇರಬಹುದು, ಆದ್ರೆ ಎರಡೂ ಅಕ್ಕಪಕ್ಕದ ಸಂಖ್ಯೆ. ಎದುರಿನವನದು ಎಷ್ಟು ಅಂತ ಸರಿಯಾಗಿ ಹೇಳಿದವನಿಗೆ ಎತ್ತು. ತಪ್ಪು ಹೇಳಿದ್ರೆ ಎತ್ತು ಎದುರಿನವನಿಗೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಸರದಿ ಇನ್ನೊಬ್ಬನಿಗೆ ಹೋಗ್ತದೆ."

ಮೊದಲ ಸರದಿ ಗಾಣಿಗನದು. ದಲ್ಲಾಳಿ ಅವನ ಮೂರು ಬೆರಳು ಹಿಡಿದಿದ್ದ. ಎದುರಿನವನದು ಎರಡಿರಬೇಕು, ಇಲ್ಲವೇ ನಾಲ್ಕು. ಕಣ್ಣುಮುಚ್ಚಿ ಒಂದನ್ನು ಹೇಳಿದ್ದರೂ ಎತ್ತು ಸಿಗುವ ಸಂಭವ ಅರ್ಧಕ್ಕರ್ಧ ಇತ್ತು. ಮನೆಯಲ್ಲಿ ನಿಂತ ಗಾಣ ನೆನಪಾಯಿತು. "ಎರಡು" ಎಂಬ ಮಾತು ನಾಲಿಗೆಯ ತುದಿಗೇ ಬಂತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಂಗೆ ಗೊತ್ತಿಲ್ಲಪ್ಪ," ಎಂದ.

ಸುತ್ತ ನಿಂತವರು ನಕ್ಕರು. ಎಣ್ಣೆ ಹಿಂಡುವವನಿಗೆ ಲೆಕ್ಕ ಎಲ್ಲಿಂದ ಬರಬೇಕು ಎಂದು ಒಬ್ಬ ಕಿಚಾಯಿಸಿದ.

ದಲ್ಲಾಳಿ ವ್ಯಾಪಾರಿಗೆ ಹಿಡಿದದ್ದು ಎರಡು ಬೆರಳು. ವ್ಯಾಪಾರಿ ಯೋಚಿಸಿದ. ಗಾಣಿಗನದು ಒಂದಿರಬೇಕು, ಇಲ್ಲವೇ ಮೂರು. ಒಂದಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಒಂದರ ಪಕ್ಕದಲ್ಲಿ ಇರುವುದು ಎರಡು ಮಾತ್ರ, ಥಟ್ಟನೆ ಹೇಳಿಬಿಡುತ್ತಿದ್ದ. ಗೊತ್ತಿಲ್ಲ ಎಂದನಲ್ಲ, ಹಾಗಾದರೆ ಅದು ಒಂದಲ್ಲ.

"ಮೂರು," ಎಂದ ವ್ಯಾಪಾರಿ. ಜನ ಭಲೇ ಎಂದರು. ದಲ್ಲಾಳಿ ಹಗ್ಗವನ್ನು ಅವನ ಕೈಗಿತ್ತ.

ಮೃತ್ಯುಂಜಯನ ಮುಖ ಅರಳಿತು. ವ್ಯಾಪಾರಿ ಬಾಯಿ ಬಿಡುವ ಮೊದಲೇ ಅವನಿಗೆ ಉತ್ತರ ಹೊಳೆದಿತ್ತು. ಕತೆ ಮುಗಿಯಿತೆಂದು ಏಳಹೋದ.

"ಅವಸರ ಯಾಕೆ? ಎತ್ತು ಇನ್ನೂ ಹೊಳೆಯನ್ನೇ ಮುಟ್ಟಿಲ್ಲ," ಎಂದರು ಗುರುಗಳು. ಮೃತ್ಯುಂಜಯ ಮತ್ತೆ ಕೂತ.

ವ್ಯಾಪಾರಿ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಳ್ಳುತ್ತ ಬಂಡಿ ಹೊಡೆದುಕೊಂಡು ಹೋದ. ಮೋಡ ಒಡೆಯುವ ಮೊದಲೇ ಹೊಳೆ ದಾಟಿದ. ಆಚೆ ದಡದ ಛತ್ರದಲ್ಲಿ ಉಪ್ಪಿನ ಮೂಟೆಗಳನ್ನು ಇಳಿಸಿ, ಎತ್ತಿಗೆ ನೀರು ಕುಡಿಸುವಾಗ, ದಲ್ಲಾಳಿ ಹಿಡಿದಿದ್ದ ತನ್ನ ಎರಡು ಬೆರಳು ಕಣ್ಣಿಗೆ ಬಿದ್ದವು. ಆ ಬೆರಳುಗಳಿಂದ ತನಗೆ ಏನು ತಿಳಿದಿತ್ತು? ಒಂದೋ ಮೂರೋ ಎಂಬುದಷ್ಟೇ. ಗಾಣಿಗನಿಗೆ ತಿಳಿದದ್ದೂ ಅಷ್ಟೇ, ಎರಡೋ ನಾಲ್ಕೋ. ಅವನು ಬಾಯಿಗೆ ಬಂದದ್ದನ್ನು ಹೇಳಿದ್ದರೆ ಎತ್ತು ಅವನದೇ ಆಗುತ್ತಿತ್ತೋ ಏನೋ. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ನಗೆಗೀಡಾದದ್ದು ಅವನು, ಭಲೇ ಎನ್ನಿಸಿಕೊಂಡದ್ದು ತಾನು. ವ್ಯಾಪಾರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಆ ಮನುಷ್ಯನನ್ನು ನೆನೆದು ಎದೆ ತುಂಬಿ ಬಂತು.

ಮಳೆ ಬಂದು ನಿಂತಿತು, ಹೊಳೆ ಇಳಿಯಿತು. ವ್ಯಾಪಾರಿ ಎತ್ತು ಹೊಡೆದುಕೊಂಡು ಗಾಣಿಗನ ಊರು ಕೇಳುತ್ತ ಬಂದ. ಗಾಣಿಗನೂ ಅವನ ಹೆಂಡತಿಯೂ ತಾವೇ ಹೆಗಲು ಕೊಟ್ಟು ಗಾಣ ಸುತ್ತುತ್ತಿದ್ದರು. ವ್ಯಾಪಾರಿ ನೇರವಾಗಿ ಹೋಗಿ ಎತ್ತನ್ನು ಗಾಣಕ್ಕೆ ಹೂಡಿದ.

"ಇದೇನಣ್ಣ, ಗೆದ್ದ ಎತ್ತನ್ನ ತಂದು ನಮ್ಮ ಗಾಣಕ್ಕೆ ಕಟ್ತಿದೀಯ?" ಎಂದ ಗಾಣಿಗ.

"ನೀನು ಗೊತ್ತಿಲ್ಲ ಅಂದಿದ್ದಕ್ಕೇ ನಂಗೆ ಗೊತ್ತಾಗಿದ್ದು. ನನ್ನ ಉಪ್ಪು ಉಳಿಸಿದವನು ನೀನು. ಇನ್ನು ಇದು ಇಲ್ಲೇ ಇರಲಿ. ಮುಂದಿನ ಸಂತೇಲಿ ನಾನು ಬೇರೆ ನೋಡ್ಕೋತೀನಿ."

ಗಾಣಿಗ ಎತ್ತಿನ ಬೆನ್ನು ಸವರಿದ. ಅವನ ಹೆಂಡತಿ ಕಣ್ಣೊರೆಸಿಕೊಂಡು, ಅಂದು ತೆಗೆದ ಮೊದಲ ಎಣ್ಣೆಯನ್ನು ಕುಡಿಕೆಯಲ್ಲಿ ತುಂಬಿ ವ್ಯಾಪಾರಿಯ ಮುಂದಿಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯ ಮೆಲ್ಲಗೆ ಹೇಳಿದ, "ಒಳ್ಳೆಯ ಮನುಷ್ಯ, ಆ ಗಾಣಿಗ. ಆದರೆ ನನ್ನ ವೀಳ್ಯ ಯಾರಿಗೆಂದು ನೀವು ಹೇಳಲಿಲ್ಲ."

"ಗ್ರಹಣದ ಲೆಕ್ಕ ಹೇಳಿಕೊಟ್ಟೆನಲ್ಲ, ಮೊದಲ ಸಲ ಹೇಳಿದಾಗಲೇ ನಿನಗೆ ತಿಳಿಯಿತೇ?"

ಮೃತ್ಯುಂಜಯ ತಲೆ ತಗ್ಗಿಸಿದ. "ಇಲ್ಲ ಗುರುಗಳೇ. ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಎರಡನೆಯ ಸಲ ಹೇಳಿದಾಗ ತಿಳಿಯಿತು. ಯಾವ ಪಾಠವಾದರೂ ನನಗೆ ಹಾಗೆಯೇ."

ಗುರುಗಳು ಜಗಲಿಯ ಕಡೆ ನೋಡಿದರು. ಕರಿಬಸವ ಗಂಟಿನ ಹಗ್ಗವನ್ನು ಎಳೆದೆಳೆದು ಬಿಗಿಯುತ್ತಿದ್ದ.

"ಎರಡನೆಯ ಸಲ ನನ್ನಿಂದ ಹೇಳಿಸಿದವರು ಯಾರು?"

ಮೃತ್ಯುಂಜಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ಇಳಿದ.