ದೇಸಾಯರ ಕಾರಿಗೆ ಒಂಬತ್ತು ಬೇಸಿಗೆ ಬಳಿದ ಏಕಾಂಬ್ರಪ್ಪ

ಬಹಳ ಹಿಂದೆ, ಬಣ್ಣದ ಡಬ್ಬಿಗಳ ಮೇಲೆ ಇನ್ನೂ ನಂಬರು ಬರೆಯದಿದ್ದ ಕಾಲದಲ್ಲಿ, ನಮ್ಮ ಸೀಮೆಯಲ್ಲಿ ಒಂದು ಊರಿತ್ತು. ಊರ ಮುಂದೆ ದೊಡ್ಡ ರಸ್ತೆ, ರಸ್ತೆ ಹೊರಳುವಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಒಂದು ತಗಡಿನ ಚಪ್ಪರ. ಆ ಚಪ್ಪರದಲ್ಲಿ ಬಣ್ಣದ ಏಕಾಂಬ್ರಪ್ಪ ಕೂತಿರುತ್ತಿದ್ದ. ಅವನ ಅಪ್ಪ, ಅಜ್ಜ ಎಲ್ಲರೂ ಮರದ ಗೊಂಬೆಗೆ, ತೊಟ್ಟಿಲಿಗೆ ಬಣ್ಣ ಬಳಿದವರು. ರಸ್ತೆಗೆ ಲಾರಿ ಬಂದವು, ಬಸ್ಸು ಬಂದವು, ತೊಟ್ಟಿಲು ಕಡಿಮೆಯಾದವು. ಏಕಾಂಬ್ರಪ್ಪ ಕುಂಚ ಹಿಡಿದುಕೊಂಡು ಲಾರಿಯ ಕಡೆ ತಿರುಗಿದ. ತೊಟ್ಟಿಲಾದರೇನು, ಲಾರಿಯಾದರೇನು, ಎರಡೂ ಅಲುಗಾಡುವವೇ ಎಂದನಂತೆ.

ಅವನ ಕಣ್ಣು ಸಾಮಾನ್ಯ ಕಣ್ಣಲ್ಲ ಅಂತಾರೆ. ಒಮ್ಮೆ ಯಾವುದೋ ಲಾರಿ ಒಂದು ಎಮ್ಮೆಗೆ ಗುದ್ದಿ ಓಡಿಹೋಯಿತು. ಏಕಾಂಬ್ರಪ್ಪ ಎಮ್ಮೆಯ ಕೊಂಬಿಗೆ ಅಂಟಿದ್ದ ಬಣ್ಣದ ಚೂರು ನೋಡಿದ. ಇದು ಬಳ್ಳಾರಿಯ ಕಡೆಯ ಲಾರಿ, ಎರಡು ಮಳೆಗಾಲ ಕಂಡಿದೆ, ಡ್ರೈವರ್ ಬೀಡಿಯನ್ನು ಬಾಗಿಲಿಗೆ ಒತ್ತಿ ಆರಿಸುತ್ತಾನೆ ಎಂದ. ಮೂರೂ ನಿಜವಾಯಿತು ಅಂತಾರೆ. ಮನೆಯಲ್ಲಿ ಮಾತ್ರ ಈ ಕಣ್ಣಿನಿಂದ ಅವನಿಗೆ ಸುಖವಿರಲಿಲ್ಲ. ಹೆಂಡತಿ ಬಡಿಸಿದ ಸಾರು ನೋಡಿ, ಇದಕ್ಕೆ ಇನ್ನೊಂದು ಚಿಟಿಕೆ ಹಳದಿ ಬೇಕಿತ್ತು, ಕೆಂಪು ಸ್ವಲ್ಪ ಹೆಚ್ಚಾಗಿದೆ ಎನ್ನುತ್ತಿದ್ದ. ತಿಂದು ಹೇಳು ಎಂದು ಅವಳು. ನೋಡಿದರೆ ಸಾಕು ಎಂದು ಇವನು. ಅವನ ಹಣೆಯ ಮೇಲೆ ಸೌಟಿನ ಗುರುತು ಕೊನೆಯವರೆಗೂ ಇತ್ತು ಅಂತಾರೆ.

ಆ ಊರಿನಲ್ಲಿ ಇದ್ದದ್ದು ಒಂದೇ ಕಾರು. ಅದು ದೇಸಾಯರದು. ಅದರ ಬಣ್ಣ ಯಾವುದೆಂದು ಊರಿನಲ್ಲಿ ಯಾವ ಇಬ್ಬರೂ ಒಂದೇ ಮಾತು ಹೇಳುತ್ತಿರಲಿಲ್ಲ. ಒಬ್ಬರು ಪಾರಿವಾಳದ ಕತ್ತು ಎನ್ನುವರು, ಒಬ್ಬರು ಎಳೆ ಬೇವು ಎನ್ನುವರು, ಇನ್ನೊಬ್ಬರು ಕೆರೆಯ ಪಾಚಿ ಎಂದು ಬೈಸಿಕೊಳ್ಳುವರು. ಬಿಸಿಲಿಗೆ ನೀಲಿ, ನೆರಳಿಗೆ ಹಸಿರು, ನಡುವೆ ಅಭ್ರಕದ ಮಿಣುಕು. ದೇಸಾಯರಿಗೆ ಆ ಕಾರು ಅಂದರೆ ಜೀವ. ಅದನ್ನು ನಡೆಸುತ್ತಿದ್ದವನು ಹೊನ್ನೂರಸಾಬ. ಕಾರು ನಿಲ್ಲುವ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಅವನ ಸಂಸಾರ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಒಂಬತ್ತು ವರ್ಷದಿಂದ ಅವನಿಗೆ ಆ ಕಾರು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ದೇಸಾಯರು ತಮ್ಮ ಮುದಿತಾಯಿಯನ್ನು ಕರೆದುಕೊಂಡು ಕಾಶಿಗೆ ಹೊರಟರು. ರೈಲು ಹತ್ತುವ ಮುಂಚೆ ಹೊನ್ನೂರಸಾಬನನ್ನು ಕರೆದು, ಕಾರಿನ ಮೇಲೆ ಒಂದು ಗೆರೆ ಬಿದ್ದರೂ ನಾನು ಬರುವವರೆಗೆ ಕಾಯಬೇಡ, ಕೋಣೆ ಖಾಲಿ ಮಾಡಿ ಹೋಗು ಎಂದರು. ಹೊನ್ನೂರಸಾಬ ಕಾರನ್ನು ಶೆಡ್ಡಿನಿಂದ ತೆಗೆಯಲೇಬಾರದೆಂದು ನಿಶ್ಚಯ ಮಾಡಿದ. ಹನ್ನೆರಡು ದಿನ ತೆಗೆಯಲಿಲ್ಲ. ಹದಿಮೂರನೆಯ ದಿನ, ಇಂಜಿನ್ನು ಜಡ್ಡುಗಟ್ಟೀತೆಂದು ಹೆದರಿ ಹೊರಗೆ ತೆಗೆದ. ಎದುರಿಗೆ ಒಂದು ಕೋಣ ಬಂತು. ಕೋಣವನ್ನು ಉಳಿಸಲು ಹೋಗಿ ದೇಸಾಯರ ವಾಡೆಯ ಮುಂದಿನ ಕಲ್ಲುಕಂಬಕ್ಕೆ ಉಜ್ಜಿದ. ಎಡಗಡೆಯ ಹಿಂಬಾಗಿಲಿನ ಬಣ್ಣ ಈ ತುದಿಯಿಂದ ಆ ತುದಿಯವರೆಗೆ ಪಟ್ಟಿಯಾಗಿ ಕಿತ್ತು ಬಂತು. ಕೋಣ ತಿರುಗಿ ಕೂಡ ನೋಡಲಿಲ್ಲ ಅಂತಾರೆ.

ದೇಸಾಯರು ಬರಲು ಎಂಟು ದಿನ ಉಳಿದಿತ್ತು. ಹೊನ್ನೂರಸಾಬ ಏಕಾಂಬ್ರಪ್ಪನ ಚಪ್ಪರಕ್ಕೆ ಬಂದು ನೆಲದ ಮೇಲೆ ಕೂತ. ಏಕಾಂಬ್ರಪ್ಪ ಕಾರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ನೋಡಿದ. ಆಮೇಲೆ ಉಪ್ಪುಕಾಗದ ತೆಗೆದುಕೊಂಡು ಬಾಗಿಲನ್ನು ಉಜ್ಜಿದ. ನೀಲಿ ಅರೆದ, ಹಳದಿ ಅರೆದ, ಒಂದು ಕಡ್ಡಿ ತುದಿಯಷ್ಟು ಕಾಡಿಗೆ ಬೆರೆಸಿದ, ಅಭ್ರಕವನ್ನು ಬಟ್ಟೆಯಲ್ಲಿ ಸೋಸಿ ಹಾಕಿದ. ತಿಗಣೆಯ ಔಷಧಿ ಹೊಡೆಯುವ ಪಂಪಿನಲ್ಲಿ ಬಣ್ಣ ತುಂಬಿ ಬಾಗಿಲಿಗೆ ಹೊಡೆದ. ಎರಡು ದಿನ ಒಣಗಿತು. ಊರೆಲ್ಲ ನೋಡಲು ಬಂತು.

ಬಣ್ಣ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಕಾರು ಊರಿಗೆ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಅದೇ ಕೇಡಾಗಿತ್ತು. ಮೂರು ಬಾಗಿಲು ಮುದುಕರು, ನಾಲ್ಕನೆಯದು ಮದುವಣಗಿತ್ತಿ. ಇಡೀ ಕಾರಿಗೆ ಹೊಸ ಬಣ್ಣ ಹೊಡೆದುಬಿಡು ಎಂದು ಊರವರು ಹೇಳಿದರು. ಏಕಾಂಬ್ರಪ್ಪ ಒಪ್ಪಲಿಲ್ಲ. ಹಾಗೆ ಮಾಡಿದರೆ ದೇಸಾಯರು ನನ್ನ ಕಾರು ಎಲ್ಲಿ, ಇದು ಯಾರದು ಎಂದು ಕೇಳುತ್ತಾರೆ ಎಂದ. ಆಮೇಲೆ ಬಾಗಿಲ ಮುಂದೆ ಬಹಳ ಹೊತ್ತು ಕೂತು ಹೇಳಿದನಂತೆ:

“ತಪ್ಪು ನಂದ ಐತಿ, ಸಾಬಣ್ಣ. ಕಂಪನಿಯವರು ಕೊಟ್ಟ ಬಣ್ಣ ನಾ ಹಚ್ಚೀನಿ. ಆದರ ದೇಸಾಯರ ಕಾರಿನ ಬಣ್ಣ ಅದಲ್ಲ. ಅದರ ಮ್ಯಾಲೆ ಈ ಊರು ಒಂಬತ್ತು ಬ್ಯಾಸಗಿ ಏನೇನ್ ಮಾಡೇತಿ, ಅದನ್ನ ಹಚ್ಚಬೇಕು.”

ಹಾಗೆ ಹೇಳಿ ಅವನು ಊರವರನ್ನು ಒಬ್ಬೊಬ್ಬರನ್ನಾಗಿ ಕರೆದ. ಈ ಬಾಗಿಲಿಗೆ ನೀವೇನು ಮಾಡಿದ್ದೀರಿ, ನಿಜ ಹೇಳಿ, ಸುಳ್ಳು ಹೇಳಿದರೆ ಬಣ್ಣ ಕೂಡುವುದಿಲ್ಲ ಎಂದ. ಮೊದಲು ಕಾರನ್ನು ಮುಟ್ಟಿಯೇ ಇಲ್ಲ ಎಂದರು ಎಲ್ಲರೂ. ಆಗ ಹೊನ್ನೂರಸಾಬನ ಹೆಂಡತಿ ಕೋಣೆಯಿಂದ ಗಂಟುಮೂಟೆ ಹೊರಗಿಟ್ಟು ಕಟ್ಟತೊಡಗಿದಳು. ಅದನ್ನು ನೋಡಿ ವಾಡೆಯ ಅಡುಗೆಯ ಗೌರಕ್ಕ ಮೂಗು ಒರೆಸಿಕೊಂಡು ಮುಂದೆ ಬಂದಳು. ಪ್ರತಿ ಬೇಸಿಗೆ ಆ ಬಾಗಿಲನ್ನು ತೆರೆದು ಅದರ ಮೇಲೆ ಶಾವಿಗೆ ಇಳಿಬಿಟ್ಟು ಒಣಗಿಸುತ್ತೇನೆ ಎಂದಳು. ಹಳೆಯ ಬಣ್ಣದ ಮೇಲ್ತುದಿಯಲ್ಲಿದ್ದ ಸಣ್ಣ ಬಿಳಿ ಗೆರೆಗಳು ಎಲ್ಲಿಂದ ಬಂದವೆಂದು ತಿಳಿಯಿತು. ಮಠದ ಅಯ್ಯನವರು ಗಂಟಲು ಸರಿಮಾಡಿಕೊಂಡರು. ದಿನಾ ಬೆಳಿಗ್ಗೆ ಆ ಬಾಗಿಲಿನಲ್ಲೇ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳುವುದು, ಕನ್ನಡಿಗಿಂತ ಅದರಲ್ಲಿ ತಮ್ಮ ಮುಖಕ್ಕೆ ಹೆಚ್ಚು ಕಳೆ ಕಾಣುವುದು ಎಂದರು. ನಡುವಿನ ಬಿಳಿ ಚುಕ್ಕೆಗಳು ತಿಳಿದವು. ಕೆಳಗಿನ ಒರಟು ಯಾರದೆಂದು ಕೇಳುವ ಮುಂಚೆಯೇ ಕುರಿ ಕಾಯುವ ಭರಮಪ್ಪ ತನ್ನ ಟಗರನ್ನು ಮುಂದಕ್ಕೆ ದೂಡಿದ. ಮಾಡಿದ್ದು ಅದು, ಅದನ್ನೇ ಕೇಳಿ ಎಂದ.

ಏಕಾಂಬ್ರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಬಣ್ಣಕ್ಕೆ ಸಫೇದದ ಬಿಳಿ ಪುಡಿ ಬೆರೆಸಿ ಬಿಸಿಲು ಮಾಡಿದ. ಚೂರು ಕಾವಿ ಬೆರೆಸಿ ಧೂಳು ಮಾಡಿದ. ಅಭ್ರಕ ಕಡಿಮೆ ಮಾಡಿ ವಯಸ್ಸು ಮಾಡಿದ. ಇಟ್ಟಿಗೆಯ ಪುಡಿಯಿಂದ ಉಜ್ಜಿದ, ಮಜ್ಜಿಗೆಯಿಂದ ಒರೆಸಿದ, ಗೌರಕ್ಕನ ಶಾವಿಗೆ ಗೆರೆ ಎಳೆದ, ಅಯ್ಯನವರ ಚುಕ್ಕೆ ಇಟ್ಟ, ಟಗರಿನ ಜಾಗ ಬಂದಾಗ ಟಗರನ್ನೇ ಕರೆಸಿ ಉಜ್ಜಿಸಿದ ಅಂತಾರೆ. ಮೂರು ದಿನದಲ್ಲಿ ಒಂಬತ್ತು ಬೇಸಿಗೆ ಕಳೆಯಿತು. ಆದರೂ ಅವನು ಕುಂಚ ಕೆಳಗಿಡಲಿಲ್ಲ. ಬಾಗಿಲು ಉಜ್ಜುವ ಮುಂಚೆ ಹಿಡಿಕೆಯ ಹತ್ತಿರ ಒಂದು ಮಂಕು ನೋಡಿದ್ದೆ, ಅಂಗೈಯ ಹಾಗೆ, ಐದು ಬೆರಳು ಬಿಡಿಸಿಕೊಂಡಿತ್ತು, ಅದು ಯಾರದು ಎಂದು ಕೇಳಿದ. ಊರವರು ಒಬ್ಬರ ಮುಖ ಒಬ್ಬರು ನೋಡಿದರು. ಅದು ಮಾತ್ರ ಯಾರದೂ ಅಲ್ಲ.

ಹೊನ್ನೂರಸಾಬ ನೆಲ ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ಏಕಾಂಬ್ರಪ್ಪನ ಕಿವಿಯಲ್ಲಿ ಹೇಳಿದ. ದೇಸಾಯರಿಗೆ ಹಿಂದೆ ಎದೆನೋವು ಬಂದಿತ್ತು. ಅವರ ತಾಯಿ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದ್ದಳು. ಆ ಆಣೆಗೂ ಒಂಬತ್ತು ವರ್ಷ. ಆದರೆ ಪ್ರತಿ ಸೋಮವಾರ ಸಂತೆಯಿಂದ ಬರುವಾಗ ಹೋಟೆಲಿನ ಹಿಂದೆ ಕಾರು ನಿಲ್ಲುತ್ತಿತ್ತು. ದೇಸಾಯರು ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಪಂಚೆಗೆ ಒರೆಸಿದರೆ ತಾಯಿ ಕಂಡುಹಿಡಿಯುತ್ತಾಳೆ. ಅದಕ್ಕೆ ಆಕಾಶ ನೋಡಿದಂತೆ ನಿಂತು, ಕೈಯನ್ನು ಹಿಂದಕ್ಕೆ ಚಾಚಿ ಬಾಗಿಲಿಗೆ ಒರೆಸುತ್ತಿದ್ದರು.

ಏಕಾಂಬ್ರಪ್ಪ ನಗಲಿಲ್ಲ. ಅವನಿಗೆ ಅದು ಬಣ್ಣದ ವಿಷಯ. ಹೋಟೆಲಿನಿಂದ ಬಜ್ಜಿ ತರಿಸಿದ. ಬರೀ ಎಣ್ಣೆ ಸಾಲದು, ತಿಂದ ಕೈಯೇ ಬೇಕು ಎಂದ. ಹೊನ್ನೂರಸಾಬ ತಿಂದು, ಕೈ ಹಿಂದಕ್ಕೆ ಚಾಚಿ ಒರೆಸಿದ. ಏಕಾಂಬ್ರಪ್ಪ ಅದರ ಮೇಲೆ ಧೂಳು ಊದಿ ನೋಡಿ, ಇನ್ನೂ ತಿಳಿಯಾಗಿದೆ, ಮಂಕು ಸಾಲದು ಎಂದ. ಹೊನ್ನೂರಸಾಬ ಮತ್ತೆ ತಿಂದ, ಮತ್ತೆ ಒರೆಸಿದ. ಹನ್ನೊಂದನೆಯ ತಟ್ಟೆಗೆ ಬಣ್ಣ ಕೂಡಿತು ಅಂತಾರೆ. ಹನ್ನೊಂದಲ್ಲ, ಏಳು ಎಂದು ಹೋಟೆಲಿನವರ ಕಡೆಯವರು ಹೇಳುತ್ತಾರೆ. ಎಷ್ಟಾದರೂ ಇರಲಿ, ಹೊನ್ನೂರಸಾಬ ಮರುದಿನವೆಲ್ಲ ಮಲಗಿದ್ದ.

ಎಂಟನೆಯ ದಿನ ದೇಸಾಯರು ಬಂದರು. ಹಿಂದೆ ಗಂಗೆಯ ತಂಬಿಗೆ ಹಿಡಿದ ತಾಯಿ. ಊರೆಲ್ಲ ಏನೋ ಕೆಲಸವಿದ್ದಂತೆ ವಾಡೆಯ ಮುಂದೆ ಸೇರಿತ್ತು. ದೇಸಾಯರು ಕಾಲು ಕೂಡ ತೊಳೆಯದೆ ಕಾರಿನ ಸುತ್ತ ಬಂದರು. ಬಗ್ಗಿ ನೋಡಿದರು, ಬಿಸಿಲಿಗೆ ನಿಂತು ನೋಡಿದರು, ನೆರಳಿಗೆ ಸರಿದು ನೋಡಿದರು. ಏನೂ ಸಿಗಲಿಲ್ಲ. ಹೊನ್ನೂರಸಾಬನ ಹೆಂಡತಿ ಉಸಿರು ಬಿಟ್ಟಳು. ಹೋಗುತ್ತ ಹೋಗುತ್ತ ದೇಸಾಯರು ಎಡಗಡೆಯ ಹಿಂಬಾಗಿಲಿನ ಹತ್ತಿರ ನಿಂತರು. ಅವರ ಕೈ ತನ್ನಷ್ಟಕ್ಕೆ ತಾನೇ ಹಿಡಿಕೆಯ ಪಕ್ಕದ ಆ ಗುರುತಿನ ಮೇಲೆ ಹೋಗಿ ಕೂತಿತು.

ಕೂಡಲಿಲ್ಲ.

ದೇಸಾಯರ ಅಂಗೈ ಮೊರದಷ್ಟು ಅಗಲ. ಗುರುತಿನ ಅಂಗೈ ಅದರೊಳಗೆ ಪೂರ್ತಿ ಮುಚ್ಚಿಹೋಯಿತು. ದೇಸಾಯರು ತಮ್ಮ ಕೈ ನೋಡಿದರು. ಹೊನ್ನೂರಸಾಬನ ಕೈ ನೋಡಿದರು. ಏಕಾಂಬ್ರಪ್ಪನನ್ನು ನೋಡಿದರು. ಅವನು ಅದೇ ಮೊದಲ ಸಲ ಬೇವಿನ ಮರ ಕಂಡವನಂತೆ ದೂರದ ತನ್ನ ಚಪ್ಪರದ ಮರ ನೋಡುತ್ತಿದ್ದ. ಬಾಗಿಲು ಹೊಸ ಬಣ್ಣ ಕಂಡಿದೆ ಎಂದು ದೇಸಾಯರಿಗೆ ತಿಳಿಯಿತು. ಯಾಕೆ, ಹೇಗೆ, ಎಲ್ಲವೂ ತಿಳಿಯಿತು. ಅವರ ಮುಖ ಕೆಂಪಾಯಿತು. ಬಾಯಿ ತೆರೆದರು. ಅಷ್ಟರಲ್ಲಿ ತಾಯಿ ಹಿಂದಿನಿಂದ ಬಂದು ಮೂಗರಳಿಸಿದಳು.

“ಏನೋ ಯಪ್ಪಾ, ಇಲ್ಲಿ ಬಜ್ಜಿ ವಾಸನಿ ಹೊಡಿಯಾಕತ್ತೈತಿ.”

ಊರಿಗೆ ಊರೇ ಉಸಿರು ಹಿಡಿದು ನಿಂತಿತು ಅಂತಾರೆ. ಟಗರು ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿತು ಅಂತಾರೆ. ಈ ಗುರುತು ನನ್ನದಲ್ಲ ಎನ್ನಬೇಕಾದರೆ, ನನ್ನದು ಹೇಗಿತ್ತು ಎಂದು ದೇಸಾಯರು ತಾಯಿಯ ಮುಂದೆ ಹೇಳಬೇಕು. ಅವರು ಬಾಗಿಲಿಗೆ ಬೆನ್ನು ಕೊಟ್ಟು, ಗುರುತು ಪೂರ್ತಿ ಮರೆಯಾಗುವಂತೆ ಅಗಲವಾಗಿ ನಿಂತರು.

“ಎಲ್ಲೀ ಬಜ್ಜಿ, ಅವ್ವಾ? ರೈಲಿನ ವಾಸನಿ ಇನ್ನೂ ನಿನ್ನ ಮೂಗಿನ್ಯಾಗ ಕುಂತೈತಿ, ನಡಿ ಒಳಗ,” ಎಂದರು. ಆಮೇಲೆ ಹೊನ್ನೂರಸಾಬನ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: “ಒಂದು ಗೆರಿ ಬಿದ್ದಿಲ್ಲ. ಗಾಡಿ ಚೊಲೋ ಇಟ್ಟೀದಿ.”

ಹೊನ್ನೂರಸಾಬನ ಹೆಂಡತಿ ಆ ಸಂಜೆಯೇ ಗಂಟು ಬಿಚ್ಚಿದಳು. ಅವನು ಅದೇ ಕೋಣೆಯಲ್ಲಿ ಮುದುಕನಾದ, ಮೂವರು ಹೆಣ್ಣುಮಕ್ಕಳ ಮದುವೆಯ ದಿಬ್ಬಣವೂ ಅದೇ ಕಾರಿನಲ್ಲಿ ಹೋಯಿತು ಅಂತಾರೆ. ಏಕಾಂಬ್ರಪ್ಪ ಮಾತ್ರ ಅದನ್ನು ಗೆಲುವು ಎಂದು ಎಂದೂ ಒಪ್ಪಲಿಲ್ಲ. ಬಣ್ಣ ಕೂಡಿತು, ಅಳತೆ ತಪ್ಪಿತು ಎಂದು ಸಾಯುವವರೆಗೂ ಕೊರಗಿದನಂತೆ.

ನಾನು ಆ ಸೀಮೆ ಬಿಟ್ಟು ಎಷ್ಟೋ ವರ್ಷವಾಯಿತು. ನಾನೀಗ ಇರುವ ಕಡೆ ಕಾರಿನ ಬಣ್ಣವನ್ನು ಮಿಷನ್ನು ನೋಡಿ ಹೇಳುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ. ಆದರೆ ಅತ್ತ ಕಡೆಯಿಂದ ಬಂದವರು ಹೇಳುತ್ತಾರೆ, ಆ ಊರಿನಲ್ಲಿ ಯಾರಾದರೂ ಗಾಡಿ ತಂದರೆ ಇಂದಿಗೂ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟ ಮೇಲೆ, ಡ್ರೈವರನಿಗೆ ಒಂದು ತಟ್ಟೆ ಬಜ್ಜಿ ಕೊಡುತ್ತಾರಂತೆ. ಅವನು ತಿಂದು, ಕೈ ಹಿಂದಕ್ಕೆ ಚಾಚಿ, ಎಡಗಡೆಯ ಬಾಗಿಲಿಗೆ ಒರೆಸುತ್ತಾನೆ. ಅದಕ್ಕೆ ಏಕಾಂಬ್ರಪ್ಪನ ಕೈ ಎನ್ನುತ್ತಾರೆ. ಗಾಡಿಯ ಯಜಮಾನ ಎಷ್ಟೇ ದೊಡ್ಡವನಿರಲಿ, ಆ ಹೊತ್ತಿಗೆ ಅವನು ಮುಖ ಆ ಕಡೆ ತಿರುಗಿಸಿಕೊಂಡು, ಮರ ನೋಡುತ್ತ ನಿಲ್ಲಬೇಕು.