ಹಾಲಣಬೆಯ ಹಳೆಯ ಚೀಟಿ

ಅಡುಗೆಯವಳ ಕೈಯಲ್ಲಿ ಇದು ಸಾಗದು ಎಂದವರು ಬೇರೆ ಯಾರೂ ಅಲ್ಲ, ಆಶ್ರಮದ ಸ್ವಾಮಿಗಳೇ.

ಯಮುನಕ್ಕ ಆಗ ಅಲ್ಲಿ ಅಡುಗೆ ಮಾಡುತ್ತಿದ್ದ, ನಾಲ್ಕನೇ ತರಗತಿ ಓದಿದ, ಗಂಡನಿಲ್ಲದ ಹೆಂಗಸು. ಯಾರೋ ಪರದೇಶದ ಭಕ್ತ ಬಿಟ್ಟುಹೋಗಿದ್ದ ಅಣಬೆಯ ಪುಸ್ತಕವನ್ನು ಓದಲು ಕೇಳಿದ್ದಳು.

"ಅದು ಇಂಗ್ಲಿಷು. ಒಳಗೆ ಲ್ಯಾಟಿನ್ ಬೇರೆ ಉಂಟು," ಎಂದರು ಸ್ವಾಮಿಗಳು. "ನಿನ್ನಿಂದ ಆಗುವ ಕೆಲಸ ಅಲ್ಲ. ಸಾರಿಗೆ ಹಾಕಿದರೆ ತಿಂದವರು ಬದುಕುತ್ತಾರೋ ಇಲ್ಲವೋ, ಅಷ್ಟು ಗೊತ್ತಿದ್ದರೆ ಸಾಕು."

"ಅಷ್ಟೇ ಗೊತ್ತಿದ್ದರೆ ಹೆದರಿಕೆ ಹೋಗುವುದಿಲ್ಲ, ಸ್ವಾಮಿ."

ಅವರು ಪುಸ್ತಕ ಕೊಡಲಿಲ್ಲ. ಯಮುನಕ್ಕ ತಾನೇ ಕಪಾಟಿನಿಂದ ತೆಗೆದುಕೊಂಡಳು.

ಒಂದು ಹಳೆಯ ನಿಘಂಟು, ಒಂದು ಭೂತಗನ್ನಡಿ. ಮೊದಲ ಪುಟ ಮುಗಿಯಲು ಒಂದು ಮಳೆಗಾಲ ಬೇಕಾಯಿತು.

ಕಾಲ ಹೋಯಿತು. ಸ್ವಾಮಿಗಳು ತೀರಿಕೊಂಡರು. ಭಕ್ತರು ಬರುವುದು ನಿಂತಿತು. ಹೊಳೆಯ ದಂಡೆಯ ಆ ಆಶ್ರಮದಲ್ಲಿ ಕೊನೆಗೆ ಉಳಿದದ್ದು ಯಮುನಕ್ಕ, ಮತ್ತು ಅವಳು ಕೂಡಿಟ್ಟು ಒಣಗಿಸಿದ ಅಣಬೆಯ ಆರುನೂರು ಪೊಟ್ಟಣ.

ಪೂವಿ ಬಂದದ್ದು ಆಮೇಲೆ.

"ಸ್ವಾಮಿಗಳು ಇದ್ದಾರಾ?"

"ಹೋಗಿ ಹತ್ತು ವರ್ಷವಾಯಿತು."

"ಹಾಗಾದರೆ ಇಲ್ಲಿ ಕಲಿಸುವವರು ಯಾರು?"

"ಎಂತ ಕಲಿಯಬೇಕು ನಿನಗೆ?"

ಪೂವಿ ಬೀಡಿ ಕಟ್ಟುವವಳು. ಸಾಕಿದ ಚಿಕ್ಕಮ್ಮ ಸತ್ತ ಮೇಲೆ ಅವಳ ಮನೆಯಲ್ಲಿ ಬೀಡಿ ಎಲೆ ಕತ್ತರಿಸುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ನಾನು ಯಾರು ಅಂತ ತಿಳಿಯಬೇಕು," ಎಂದಳು. ಆಶ್ರಮಕ್ಕೆ ಹೋದವರು ಹಾಗೆ ಕೇಳಬೇಕೆಂದು ಯಾರೋ ಹೇಳಿದ್ದರು.

"ಅದು ನನಗೆ ಗೊತ್ತಿಲ್ಲ. ಅಣಬೆ ಯಾವುದು ಅಂತ ಬೇಕಾದರೆ ಹೇಳಿಕೊಡುತ್ತೇನೆ. ಮೊದಲು ಕೈ ತೊಳೆ, ತಂಬಾಕು ನಾರುತ್ತದೆ."

ಕೈಯ ವಾಸನೆ ಹೋಗಲು ಒಂದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಯಮುನಕ್ಕ ಅವಳಿಗೆ ಒಂದು ಅಣಬೆಯನ್ನೂ ಮುಟ್ಟಗೊಡಲಿಲ್ಲ.

ಆಶ್ರಮದ ಹಿಂದೆ ಧೂಪದ ಮರಗಳ ಕಾಡು. ಮಳೆ ಹಿಡಿದ ಮೇಲೆ ಯಮುನಕ್ಕ ಅಲ್ಲಿಂದ ಒಂದು ಬುಟ್ಟಿ ಅಣಬೆ ತಂದು ಶಿಷ್ಯೆಯ ಮುಂದೆ ಸುರಿದಳು.

"ಮನೆ ಮನೆಯಾಗಿ ಬೇರೆ ಮಾಡು."

ಪೂವಿ ಕೆಂಪನ್ನು ಒಂದು ಕಡೆ, ಬಿಳಿಯನ್ನು ಒಂದು ಕಡೆ ಇಟ್ಟಳು.

ಯಮುನಕ್ಕ ಎಲ್ಲವನ್ನೂ ಮತ್ತೆ ಕಲೆಸಿಬಿಟ್ಟಳು. "ಸೀರೆ ನೋಡಿ ಅಕ್ಕತಂಗಿಯರನ್ನು ಹುಡುಕುತ್ತೀಯಾ?"

ಪೂವಿ ಕೈ ಹಿಂದಕ್ಕೆಳೆದುಕೊಂಡಳು.

ಯಮುನಕ್ಕ ಒಂದು ಅಣಬೆಯ ಕಾಲು ಮುರಿದಳು. ಅದು ಸೀಮೆಸುಣ್ಣದಂತೆ ಟಕ್ಕೆಂದು ತುಂಡಾಯಿತು. ಇನ್ನೊಂದನ್ನು ಮುರಿದಳು. ಅದು ನಾರುನಾರಾಗಿ ಸೀಳಿತು.

"ಟಕ್ಕೆಂದು ಮುರಿಯುವವು ಒಂದು ಬಳಗ."

ಆ ಬಳಗದ ಒಂದನ್ನು ಎತ್ತಿ, ಕೊಡೆಯ ಅಡಿಯನ್ನು ಉಗುರಿನಿಂದ ಗೀರಿದಳು. ಬಿಳಿಯ ಹನಿ ಮೂಡಿತು. ಮತ್ತೊಂದನ್ನು ಗೀರಿದಳು. ಏನೂ ಬರಲಿಲ್ಲ.

"ಹಾಲು ಬಂದರೆ ಒಂದು ಮನೆ. ಬಾರದಿದ್ದರೆ ಪಕ್ಕದ ಮನೆ."

"ಇಷ್ಟೇನಾ ಅಕ್ಕ?"

"ಇಷ್ಟಕ್ಕೆ ನನಗೆ ಹನ್ನೊಂದು ಮಳೆಗಾಲ ಬೇಕಾಯಿತು. ನೀನು ತಿಂಡಿ ತಿನ್ನುವ ಮೊದಲೇ ಕಲಿತೆ. ಹೊಟ್ಟೆ ಉರಿಯುತ್ತದೆ ನನಗೆ."

ಪ್ರತಿ ಪೊಟ್ಟಣದಲ್ಲೂ ಒಂದು ಚೀಟಿ ಇತ್ತು. ಹಳೆಯ ಕ್ಯಾಲೆಂಡರ್ ಕತ್ತರಿಸಿ ಅದರ ಹಿಂಬದಿಯಲ್ಲಿ ಬರೆದದ್ದು. ಯಾವ ಮರದ ಬುಡ, ಯಾವ ದಿನ, ಹಾಲಿನ ಬಣ್ಣ ಏನು, ಗಾಳಿಗೆ ಬಣ್ಣ ತಿರುಗಿತೇ, ನಾಲಿಗೆಯ ತುದಿಗೆ ಸೋಕಿಸಿ ಉಗಿದಾಗ ಖಾರವೋ ಸಪ್ಪೆಯೋ. ಕೊನೆಯಲ್ಲಿ ಹೆಸರು.

ಬೇರೆ ದಾಖಲೆಯ ಪುಸ್ತಕ ಯಮುನಕ್ಕ ಇಟ್ಟಿರಲಿಲ್ಲ. ಇದ್ದದ್ದೆಲ್ಲ ಆ ಚೀಟಿಗಳಲ್ಲೇ.

ಪೂವಿ ಬಂದ ಮೂರನೆಯ ವರ್ಷ ಯಮುನಕ್ಕನ ಕಣ್ಣು ಪೂರ್ತಿ ಹೋಯಿತು. ಅಲ್ಲಿಂದ ಓದುವ ಕೆಲಸ, ಬರೆಯುವ ಕೆಲಸ ಪೂವಿಯದಾಯಿತು.

ಆ ವರ್ಷವೇ ಪಟ್ಟಣದ ಕಾಲೇಜಿನ ಒಬ್ಬ ಮೇಡಂ ಬಂದರು. ಪೊಟ್ಟಣಗಳನ್ನು ಎರಡು ದಿನ ನೋಡಿದರು. ಪರೀಕ್ಷೆಗೆಂದು ಹಲವು ಅಣಬೆಗಳಿಂದ ಚಿಟಿಕೆಯಷ್ಟು ತುಂಡು ತೆಗೆದುಕೊಂಡರು.

"ಇವನ್ನು ನಮ್ಮ ಸಂಗ್ರಹಾಲಯದಲ್ಲಿ ಇಡಬಹುದು. ನಿಮ್ಮ ಹೆಸರಿನಲ್ಲೇ," ಎಂದರು ಹೊರಡುವಾಗ. "ಆದರೆ ಮೇಲಿನವರು ಒಪ್ಪಬೇಕು. ಎಲ್ಲ ಕ್ರಮವಾಗಿರಬೇಕು."

ಗೆದ್ದಲು ಆಗಲೇ ಕೆಳಗಿನ ಹಲಗೆಯ ಒಂಬತ್ತು ಪೊಟ್ಟಣ ತಿಂದಿತ್ತು. ಮಾಡು ಸೋರುತ್ತಿತ್ತು. ತಾನು ಸತ್ತ ಮರುವರ್ಷ ಇವು ಮಣ್ಣಾಗುತ್ತವೆಂದು ಯಮುನಕ್ಕನಿಗೆ ಗೊತ್ತಿತ್ತು. ಮೇಡಂ ಹೋದ ದಿನ ಅವಳು ಗಂಜಿ ಬಸಿಯುತ್ತ ಹಾಡಿಕೊಂಡಳು. ಅವಳಿಗೆ ಹಾಡು ಬರುತ್ತದೆಂದು ಪೂವಿಗೆ ತಿಳಿದದ್ದು ಅವತ್ತೇ.

ಮರುವರ್ಷ ಕಾಗದ ಬಂತು. ಅಂಚೆಯವನು ಪೂವಿಯ ಕೈಗೆ ಕೊಟ್ಟ. ಅವಳು ಹೊಳೆಯ ಮೆಟ್ಟಿಲ ಮೇಲೆ ಕುಳಿತು ಓದಿದಳು.

ಮೇಡಂ ಸೋಮವಾರ ಬರುತ್ತಾರಂತೆ. ಪೊಟ್ಟಣಗಳನ್ನು ಒಯ್ಯುತ್ತಾರಂತೆ. ಆದರೆ ಪರೀಕ್ಷೆಯಲ್ಲಿ ನಲವತ್ತಮೂರರ ಹೆಸರು ತಪ್ಪೆಂದು ಕಂಡಿದೆಯಂತೆ. ಯಾವ ಪೊಟ್ಟಣಕ್ಕೆ ಯಾವ ಹೆಸರು ಸರಿ ಎಂಬ ಅಚ್ಚುಕಟ್ಟಾದ ಪಟ್ಟಿಯೂ ಜೊತೆಗಿತ್ತು.

ಪೂವಿ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುರುವಿಗೆ ಹೇಳಲಿಲ್ಲ.

ಯಮುನಕ್ಕ ಹೊಳೆಗೆ ಸ್ನಾನಕ್ಕೆ ಇಳಿದ ಹೊತ್ತು ನೋಡಿ, ಆ ನಲವತ್ತಮೂರು ಪೊಟ್ಟಣ ಬಿಚ್ಚಿದಳು. ಹಳೆಯ ಚೀಟಿಗಳನ್ನು ತೆಗೆದು ಬಚ್ಚಲ ಒಲೆಗೆ ಹಾಕಿದಳು. ನೋಟುಪುಸ್ತಕದ ಹಾಳೆ ಹರಿದು, ಪಟ್ಟಿಯಲ್ಲಿದ್ದ ಹೆಸರುಗಳನ್ನು ದುಂಡಗೆ ಬರೆದು ಒಳಗಿಟ್ಟಳು.

ಬೀಡಿ ಕಟ್ಟಿದ ಬೆರಳು. ಕೆಲಸ ಬೇಗ ಮುಗಿಯಿತು.

ಮಳೆಗಾಲದಲ್ಲಿ ಯಮುನಕ್ಕ ದಿನವೂ ಕೆಲವು ಪೊಟ್ಟಣಗಳನ್ನು ಬಿಚ್ಚಿ ಒಳಗೆ ಮುಟ್ಟಿ ನೋಡುತ್ತಿದ್ದಳು, ತೇವ ಹಿಡಿಯಿತೇ ಎಂದು. ಮರುದಿನ ಬೆಳಿಗ್ಗೆ ಅವಳ ಕೈ ಒಂದು ಚೀಟಿಯ ಮೇಲೆ ನಿಂತಿತು.

"ಇದು ನನ್ನ ಕಾಗದ ಅಲ್ಲ."

ಗುಡಿಸುತ್ತಿದ್ದ ಪೂವಿ ಕಸಬರಿಕೆ ಕೆಳಗಿಟ್ಟಳು.

ಯಮುನಕ್ಕ ಇನ್ನೊಂದು ಮುಟ್ಟಿದಳು. ಮತ್ತೊಂದು. "ಎಷ್ಟು?"

"ನಲವತ್ತಮೂರು."

"ನನ್ನವು ಎಲ್ಲಿ?"

"ಒಲೆಗೆ ಹಾಕಿದೆ."

ಯಮುನಕ್ಕ ಬಿಚ್ಚಿದ ಪೊಟ್ಟಣವನ್ನು ಮತ್ತೆ ಮಡಚಿದಳು.

"ಅವರು ನಗುತ್ತಾರೆ ಅಕ್ಕ," ಎಂದಳು ಪೂವಿ. "ಅಡುಗೆಯವಳು ನಲವತ್ತಮೂರು ತಪ್ಪು ಬರೆದಿದ್ದಾಳೆ ಅಂತ ಆಡಿಕೊಳ್ಳುತ್ತಾರೆ."

"ನಗಲಿ. ಬಾಯಿ ಅವರದ್ದು. ಕಾಗದ ಓದು."

ಪೂವಿ ಓದಿದಳು.

"'ಹಾಲು ಸುರಿಸುವ ಅಣಬೆಗಳೆಲ್ಲ ಒಂದೇ ಮನೆಯವಲ್ಲ. ಎರಡು ಮನೆ. ಒಂದಕ್ಕೆ ಲ್ಯಾಕ್ಟೇರಿಯಸ್ ಎಂಬ ಹಳೆಯ ಹೆಸರೇ ಉಳಿದಿದೆ. ನಿಮ್ಮ ಕಾಡಿನ ಹೆಚ್ಚಿನವು ಇನ್ನೊಂದು ಮನೆಗೆ ಸೇರಿದವು. ಅದರ ಹೆಸರು ಲ್ಯಾಕ್ಟಿಫ್ಲೂಸ್.'"

"ಹಾಲು ಒಂದೇ, ಮನೆ ಎರಡು. ಆಮೇಲೆ?"

"'ಹಾಲಿಲ್ಲದ ಕೆಲವು ಅಣಬೆಗಳು ಮೊದಲ ಮನೆಗೆ ಎಷ್ಟು ಹತ್ತಿರವೆಂದರೆ, ಹಾಲಿರುವ ಎರಡನೆಯ ಮನೆಯೂ ಅದಕ್ಕೆ ಅಷ್ಟು ಹತ್ತಿರವಿಲ್ಲ.'"

ಯಮುನಕ್ಕ ಗೋಡೆಗೆ ಒರಗಿದಳು. "ಓದು."

"'ಮಣ್ಣಿನೊಳಗೆ ಸಿಕ್ಕಿದವೆಂದು ನೀವು ಡಬ್ಬಿಯಲ್ಲಿ ಬೇರೆ ಇಟ್ಟಿರುವ ಉಂಡೆಗಳು ಹಾಲಣಬೆಗಳೇ. ಅವು ಕೊಡೆ ಬಿಚ್ಚುವುದನ್ನು ಬಿಟ್ಟವು, ಅಷ್ಟೇ. ಬಿದ್ದ ಮರಕ್ಕೆ ಸುಣ್ಣ ಬಳಿದಂತೆ ಅಂಟಿಕೊಳ್ಳುವ ಕೆಲವು ಪೊರೆಗಳು ಈ ಎಲ್ಲಕ್ಕೂ ದೂರದ ನೆಂಟರು. ಬಳಗದ ಮೂಲದವರು ಹಾಗೆಯೇ ಮರಕ್ಕೆ ಅಂಟಿಕೊಂಡು ಬದುಕಿದವರಿರಬೇಕು.'"

"ಅಯ್ಯೋ ದೇವರೇ!" ಯಮುನಕ್ಕ ಹಣೆ ಚಚ್ಚಿಕೊಂಡಳು. "ಆ ಸೌದೆಯನ್ನು ಎಷ್ಟು ವರ್ಷ ಒಲೆಗೆ ಹಾಕಿದೆ! ಬಳಗದ ಅಜ್ಜಿಯನ್ನೇ ಉರಿಸಿ ಅನ್ನ ಬೇಯಿಸಿದೆನಲ್ಲ ಮಾರಾಯ್ತಿ!"

ನಕ್ಕಳು. ನಗು ಬಹಳ ಹೊತ್ತು ನಿಲ್ಲಲಿಲ್ಲ. ಪೂವಿಗೆ ನಗು ಬರಲಿಲ್ಲ.

"ಇದನ್ನೆಲ್ಲ ಹೇಗೆ ಕಂಡರಂತೆ?"

"ಒಳಗಿನ ಡಿಎನ್‌ಎ ಓದಿದ್ದಾರಂತೆ. ಅದು ಕಣ್ಣಿಗೆ ಕಾಣುವುದಿಲ್ಲವಂತೆ."

"ಕಣ್ಣಿಗೆ ಕಾಣದ್ದಾದರೆ ನಾನೂ ಓದಬಹುದಿತ್ತು."

ಆಮೇಲೆ ಅವಳ ಮುಖ ಗಂಭೀರವಾಯಿತು. ಒಂದು ಪೊಟ್ಟಣ ಎತ್ತಿಕೊಟ್ಟಳು.

"ಇದು ಯಾವ ಮರದ ಬುಡದ್ದು?"

ಪೂವಿ ಹೊಸ ಚೀಟಿ ನೋಡಿದಳು. "ಬರೆದಿಲ್ಲ."

"ಹಾಲಿನ ಬಣ್ಣ?"

"ಬರೆದಿಲ್ಲ. ಮೇಡಂ ಪಟ್ಟಿಯಲ್ಲಿ ಹೆಸರು ಮಾತ್ರ ಇತ್ತು."

"ಹೆಸರು ಸರಿ ಉಂಟಾ?"

"ಉಂಟು."

"ಹೆಸರು ಮಾತ್ರ ಉಂಟು," ಎಂದಳು ಯಮುನಕ್ಕ.

ಪೂವಿ ಅಳಲು ತೊಡಗಿದಳು.

"ಅತ್ತರೆ ಕಾಗದ ನೆನೆಯುತ್ತದೆ. ಆ ಕಡೆ ತಿರುಗಿ ಅಳು. ಮುಗಿದ ಮೇಲೆ ಕ್ಯಾಲೆಂಡರ್ ತಾ, ಕತ್ತರಿ ತಾ."

ಬೆಳಗಿನಿಂದ ಸಂಜೆಯವರೆಗೆ ಯಮುನಕ್ಕ ಹೇಳಿದಳು, ಪೂವಿ ಬರೆದಳು. ಯಮುನಕ್ಕ ಪ್ರತಿ ಪೊಟ್ಟಣವನ್ನೂ ಅಂಗೈಯಲ್ಲಿಟ್ಟು ತೂಗಿ, ಮೂಸಿ, ಆಮೇಲೆ ಬಾಯಿ ತೆರೆಯುತ್ತಿದ್ದಳು.

"ಹೊಳೆಯ ಆಚೆ ದಂಡೆ. ಎರಡನೇ ಧೂಪದ ಮರ. ಹಾಲು ಬಿಳಿ, ಸೆರಗಿಗೆ ತಾಗಿದಲ್ಲಿ ಕಂದು ಕಲೆ. ಒಣಗುವಾಗ ಮೀನಿನ ವಾಸನೆ. ರುಚಿ ಸಪ್ಪೆ."

"ಹೆಸರು, ಅಕ್ಕ?"

"ನಾನು ಇಟ್ಟದ್ದೇ. ತಪ್ಪು ಹೆಸರು. ಬರೆ."

ಬರೆದಳು.

"ಕೆಳಗೆ ಬರೆ: ಮೊದಲ ಚೀಟಿ ಸುಟ್ಟವಳು ಪೂವಿ, ಇದು ಯಮುನೆಯ ನೆನಪಿನಿಂದ ಬರೆದದ್ದು."

"ಅದನ್ನೂ ಬರೆಯಬೇಕಾ?"

"ಸುಟ್ಟದ್ದು ಹೌದಾ, ಅಲ್ಲವಾ?"

ಪೂವಿ ಬರೆದಳು.

"ಈಗ ಇನ್ನೊಂದು ಚೀಟಿ. ಅದರಲ್ಲಿ ಹೊಸ ಹೆಸರು. ಕಂಡುಹಿಡಿದವರು ಮೇಡಂ. ಬರೆದವಳು ನೀನು. ಇವತ್ತಿನ ತಾರೀಕು. ಹಳೆಯದರ ಕೆಳಗೆ ಇಡು, ಮೇಲೆ ಅಲ್ಲ."

"ನನ್ನ ಹೆಸರು ಯಾಕೆ ಅಕ್ಕ? ನಾನು ಯಾರು ಅಂತ ಹಾಕುವುದು?"

"ನಾಳೆ ಇದೂ ತಪ್ಪು ಅಂತಾದರೆ ಬಂದವರು ಯಾರನ್ನು ಕೇಳುವುದು?"

ನಲವತ್ತೊಂದು ಮುಗಿಯಿತು. ಎರಡು ಉಳಿದವು.

ಯಮುನಕ್ಕ ಆ ಎರಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಳು. ಮೂಸಿದಳು. ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡಿದಳು.

"ಇವು ನನಗೆ ನೆನಪಿಲ್ಲ."

"ಧೂಪದ ಮರ ಅಂತ ಬರೆಯಲಾ? ಹೆಚ್ಚಿನವು ಅದರ ಬುಡದವೇ ಅಲ್ಲವಾ?"

ಯಮುನಕ್ಕ ಎದ್ದು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕುಳಿತಳು. ಪೂವಿ ಊಟಕ್ಕೆ ಕರೆದಳು. ಬರಲಿಲ್ಲ. ಮತ್ತೆ ಕರೆದಳು.

"ಗೊತ್ತಿಲ್ಲ ಅಂತ ಬರೆ," ಎಂದಳು ಅಲ್ಲಿಂದಲೇ. "ದೊಡ್ಡ ಅಕ್ಷರದಲ್ಲಿ."

ಸೋಮವಾರ ಮೇಡಂ ಜೀಪಿನಲ್ಲಿ ಬಂದರು. ಪೆಟ್ಟಿಗೆಗಳನ್ನು ತಂದಿದ್ದರು. ಪೊಟ್ಟಣಗಳನ್ನು ಒಂದೊಂದಾಗಿ ತುಂಬಿಸಿದರು. ಹಲಗೆಗಳು ಬರಿದಾದವು. ಯಮುನಕ್ಕ ಬರಿಯ ಹಲಗೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಆ ನಲವತ್ತಮೂರಕ್ಕೆ ಬಂದಾಗ ಮೇಡಂ ಕೈ ನಿಲ್ಲಿಸಿದರು. ಒಂದೊಂದರೊಳಗೂ ಎರಡೆರಡು ಚೀಟಿ. ಓದಿದರು. ಪೂವಿಯನ್ನು ನೋಡಿದರು. ಪೂವಿ ತಲೆ ತಗ್ಗಿಸಲಿಲ್ಲ.

"ಯಮುನಕ್ಕ, ಒಂದು ಮಾತು. ಮುಂದಿನ ಕೋಣೆಯ ಗಾಜಿನ ಕಪಾಟು ನಿಮ್ಮ ಸಂಗ್ರಹಕ್ಕೇ ಎಂದು ತೀರ್ಮಾನವಾಗಿದೆ. ನಿಮ್ಮ ಹೆಸರಿನ ಫಲಕ ಹಾಕುತ್ತಾರೆ. ದೊಡ್ಡವರು ಉದ್ಘಾಟನೆಗೆ ಬರುತ್ತಾರೆ. ಹೊಸ ಚೀಟಿಯನ್ನು ಹಳೆಯದರ ಮೇಲೆ ಮುಚ್ಚಿ ಅಂಟಿಸಿಬಿಡೋಣವೇ? ನಿಮಗೇ ಗೌರವ."

"ಬೇಡ ಮೇಡಂ," ಎಂದಳು ಪೂವಿ.

ಮೇಡಂ ಅವಳ ಕಡೆ ತಿರುಗಿದರು. "ನಾನು ಅವರನ್ನು ಕೇಳಿದೆ."

"ನನ್ನ ಹೆಸರೂ ಅದರಲ್ಲಿ ಉಂಟು."

ಮೇಡಂ ಚೀಟಿಗಳನ್ನು ಇದ್ದ ಹಾಗೆಯೇ ಪೊಟ್ಟಣದೊಳಗೆ ಇಟ್ಟರು. ಅವರು ಕೆಟ್ಟವರಲ್ಲ.

"ಸರಿ. ಆದರೆ ತಪ್ಪು ಹೆಸರು ಕಾಣುವ ಹಾಗೆ ಗಾಜಿನ ಕಪಾಟಿನಲ್ಲಿ ಇಡಲು ಮೇಲಿನವರು ಒಪ್ಪುವುದಿಲ್ಲ. ಎಲ್ಲವೂ ಹಿಂದಿನ ಕೋಣೆಗೆ ಹೋಗುತ್ತವೆ. ಗೆದ್ದಲು ಬರದು, ತೇವ ಬರದು. ಆದರೆ ಯಾರೂ ನೋಡುವುದೂ ಇಲ್ಲ. ಫಲಕವೂ ಇರುವುದಿಲ್ಲ. ಅದಕ್ಕೂ ಒಪ್ಪಿಗೆಯೇ, ಯಮುನಕ್ಕ? ನಲವತ್ತಮೂರು ತಪ್ಪಿಗಾಗಿ?"

ಯಮುನಕ್ಕ ಹಲಗೆಯಿಂದ ಕೈ ತೆಗೆದಳು.

"ಯಾರೂ ನೋಡದೆ ಇರುವುದು ಅವಕ್ಕೆ ಅಭ್ಯಾಸ ಉಂಟು ಮೇಡಂ. ಸರಿಯಾದ ಹೆಸರುಗಳೆಲ್ಲ ನಿಮ್ಮವು, ಈ ತಪ್ಪುಗಳು ಮಾತ್ರ ನನ್ನ ಸ್ವಂತ. ಇವುಗಳಲ್ಲಿ ಒಂದನ್ನು ನಾನು ಬರೆಯುತ್ತಿದ್ದ ಹೊತ್ತಿಗೆ ಊರಿನಲ್ಲಿ ನನ್ನ ಅಮ್ಮನ ಹೆಣ ಎತ್ತುತ್ತಿದ್ದರು. ಹಾಲು ಆರುವ ಮೊದಲು ಬಣ್ಣ ಬರೆಯಬೇಕಿತ್ತು, ನಾನು ಹೋಗಲಿಲ್ಲ."